103 ತೊಲ, 6 ಮಾಷ, 1 ರತ್ತಿ: ಠಾಣೆಯಲ್ಲಿ ಕಳೆದ ಚಿನ್ನದ ಪ್ರಕರಣ

ಅಮೃತಸರದಲ್ಲಿ ಚಿನ್ನ, ಬೆಳ್ಳಿ ವ್ಯಾಪಾರದ ಒಂದು ಪಾಲುದಾರಿಕೆ ಸಂಸ್ಥೆ. ಅದರ ಪಾಲುದಾರರೊಬ್ಬರು 1947ರ ಸೆಪ್ಟೆಂಬರ್ 20ರ ನಡುರಾತ್ರಿಯ ಹೊತ್ತಿಗೆ ಫ್ರಾಂಟಿಯರ್ ಮೇಲ್ ರೈಲಿನಿಂದ ಮೀರತ್‌ನಲ್ಲಿ ಇಳಿದರು. ತಂದಿದ್ದ ಚಿನ್ನ, ಬೆಳ್ಳಿಯನ್ನು ಅಲ್ಲಿ ಮಾರುವ ಉದ್ದೇಶ ಅವರದು. ಚೌಪ್ಲಾ ಬಜಾರಿನಲ್ಲಿ ಹೋಗುತ್ತಿದ್ದಾಗ ಮೂವರು ಕಾನ್‌ಸ್ಟೇಬಲ್‌ಗಳು ತಡೆದರು. ಗಂಟುಮೂಟೆ ಬಿಚ್ಚಿಸಿ ನೋಡಿ, ಕದ್ದ ಮಾಲಿರಬಹುದೆಂಬ ಶಂಕೆಯ ಮೇಲೆ ಕೊತ್ವಾಲಿ ಠಾಣೆಗೆ ಕರೆದೊಯ್ದು ಲಾಕಪ್ಪಿಗೆ ಹಾಕಿದರು. ಸ್ವಾತಂತ್ರ್ಯ ಬಂದು ಐದು ವಾರ ಆಗಿತ್ತಷ್ಟೇ. ಪಂಜಾಬು ಹೊತ್ತಿ ಉರಿಯುತ್ತಿದ್ದ ದಿನಗಳು ಅವು. ಅಮೃತಸರದಿಂದ ಚಿನ್ನ ಹೊತ್ತು ಬಂದವನ ಮೇಲೆ ಪೊಲೀಸರ ಕಣ್ಣು ಬಿದ್ದದ್ದು ಸೋಜಿಗವೇನಲ್ಲ.

ಜಪ್ತಿಯಾದದ್ದು 103 ತೊಲ, 6 ಮಾಷ, 1 ರತ್ತಿ ಚಿನ್ನ. 2 ಮಣ, ಆರೂವರೆ ಸೇರು ಬೆಳ್ಳಿ. ಇಂದಿನ ಲೆಕ್ಕಕ್ಕೆ ಚಿನ್ನ ಸುಮಾರು 1.2 ಕೆ.ಜಿ., ಬೆಳ್ಳಿ 80 ಕೆ.ಜಿ.ಗಿಂತ ತುಸು ಹೆಚ್ಚು. ರತ್ತಿ ಎಂದರೆ ನಮ್ಮ ಗುಲಗಂಜಿ. ಒಂದು ಗುಲಗಂಜಿ ತೂಕವನ್ನೂ ಬಿಡದೆ ಲೆಕ್ಕ ಹೇಳಬಲ್ಲ ವ್ಯಾಪಾರಿಯ ಕೈಯಿಂದ, ಲೆಕ್ಕವನ್ನೇ ಇಡದ ಠಾಣೆಯ ಕೈಗೆ ಆ ಚಿನ್ನ ಹೋಯಿತು.

ಮರುದಿನ, ಸೆಪ್ಟೆಂಬರ್ 21ರಂದು, ಅವರಿಗೆ ಜಾಮೀನು ಸಿಕ್ಕಿತು. ಕೆಲ ಸಮಯದ ನಂತರ ಬೆಳ್ಳಿ ವಾಪಸು ಬಂತು. ಚಿನ್ನ ಬರಲಿಲ್ಲ. ಕೇಳಿದರು, ಮತ್ತೆ ಕೇಳಿದರು. ಕೊನೆಗೆ ತಿಳಿದದ್ದು ಇಷ್ಟು: ಠಾಣೆಯ ಮಾಲ್‌ಖಾನೆಯ (ಜಪ್ತಿ ಮಾಲು ಇಡುವ ಕೋಣೆಯ) ಉಸ್ತುವಾರಿಯಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ ಆ ಚಿನ್ನವನ್ನೂ ಅಲ್ಲಿದ್ದ ಇನ್ನಷ್ಟು ನಗದು, ವಸ್ತುಗಳನ್ನೂ ಲಪಟಾಯಿಸಿ 1947ರ ಅಕ್ಟೋಬರ್ 17ರಂದು ಪಾಕಿಸ್ತಾನಕ್ಕೆ ಪರಾರಿಯಾಗಿದ್ದ. ಅವನ ಮೇಲೆ ನಂಬಿಕೆದ್ರೋಹದ ಮೊಕದ್ದಮೆ ದಾಖಲಾಯಿತು. ಆದರೆ ಗಡಿ ದಾಟಿ ಹೋದವನನ್ನು ಹಿಡಿದು ತರುವವರು ಯಾರು?

ಸಂಸ್ಥೆ ಸರ್ಕಾರದ ಮೇಲೆ ದಾವೆ ಹೂಡಿತು. ಚಿನ್ನ ಕೊಡಿ, ಇಲ್ಲವೇ ಅದರ ಬೆಲೆ 11,075 ರೂಪಾಯಿ 10 ಆಣೆಯನ್ನೂ ಬಡ್ಡಿಯ ಬಾಬ್ತು 355 ರೂಪಾಯಿಯನ್ನೂ ಕೊಡಿ ಎಂಬುದು ಕೋರಿಕೆ. ಹೀಗೆ ಹುಟ್ಟಿದ್ದು ಕಾನೂನು ಓದುವವರೆಲ್ಲ ಒಮ್ಮೆಯಾದರೂ ಎದುರಾಗುವ ಕಸ್ತೂರಿಲಾಲ್ ಪ್ರಕರಣ. ನೌಕರನ ನಿರ್ಲಕ್ಷ್ಯಕ್ಕೆ ಸರ್ಕಾರ ಎಷ್ಟರ ಮಟ್ಟಿಗೆ ಹೊಣೆ ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲಿ ಸಿಕ್ಕ ಅತ್ಯಂತ ಕಹಿ ಉತ್ತರ ಇದೇ ಎಂದು ನನ್ನ ಭಾವನೆ.

ತಪ್ಪು ಯಾರದು ಎಂಬುದರಲ್ಲಿ ಗೊಂದಲವೇ ಇರಲಿಲ್ಲ

ಓಡಿಹೋದವನು ಕಳ್ಳ, ಸರಿ. ಆದರೆ ದಾವೆ ನಿಂತದ್ದು ಅವನ ಕಳ್ಳತನದ ಮೇಲಷ್ಟೇ ಅಲ್ಲ. ಅವನಿಗೆ ಕದಿಯಲು ಅನುವು ಮಾಡಿಕೊಟ್ಟ ಮೇಲಧಿಕಾರಿಗಳ ಅಜಾಗ್ರತೆಯ ಮೇಲೆ. ಉತ್ತರ ಪ್ರದೇಶದ ಪೊಲೀಸ್ ನಿಯಮಾವಳಿಯಲ್ಲಿ ಇಂಥ ಮಾಲನ್ನು ಹೇಗೆ ಇಡಬೇಕೆಂದು ಸ್ಪಷ್ಟವಾಗಿಯೇ ಬರೆದಿತ್ತು. ಪಟ್ಟಿ ಮಾಡಬೇಕು, ತೂಗಬೇಕು, ಬೆಲೆಬಾಳುವುದನ್ನು ಖಜಾನೆಯಲ್ಲಿ ಬೀಗದೊಳಗೆ ಇಡಬೇಕು. ಠಾಣೆಯವರು ಹಾಗೆ ಮಾಡಲಿಲ್ಲ. ಕಿಲೋಗೂ ಮಿಕ್ಕಿದ ಚಿನ್ನ ಒಬ್ಬ ಹೆಡ್ ಕಾನ್‌ಸ್ಟೇಬಲ್‌ನ ಸುಪರ್ದಿನಲ್ಲಿ ಉಳಿಯಿತು. ವಶಕ್ಕೆ ಪಡೆದ ದಿನಕ್ಕೂ ಅವನು ಕಾಣೆಯಾದ ದಿನಕ್ಕೂ ನಡುವೆ 27 ದಿನ. ಅಷ್ಟು ದಿನದಲ್ಲಿ ಒಮ್ಮೆ ಖಜಾನೆಗೆ ಕಳಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ವಿಚಾರಣಾ ನ್ಯಾಯಾಲಯ ಸಂಸ್ಥೆಯ ಪರ ಡಿಕ್ರಿ ಕೊಟ್ಟಿತು. ಅಲಹಾಬಾದ್ ಹೈಕೋರ್ಟ್ ಅದನ್ನು ರದ್ದು ಮಾಡಿತು: ನಿರ್ಲಕ್ಷ್ಯ ಸಾಬೀತಾಗಿಲ್ಲ, ಆಗಿದ್ದರೂ ಸರ್ಕಾರ ಹೊಣೆಯಲ್ಲ ಎಂದಿತು. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 1964ರ ಸೆಪ್ಟೆಂಬರ್ 29ರಂದು ತೀರ್ಪು ಕೊಟ್ಟಿತು. ಬರೆದವರು ಮುಖ್ಯ ನ್ಯಾಯಮೂರ್ತಿ ಪಿ. ಬಿ. ಗಜೇಂದ್ರಗಡ್ಕರ್. ನಿರ್ಲಕ್ಷ್ಯದ ಮಾತು ಬಂದಾಗ ಅವರು ಹೈಕೋರ್ಟನ್ನು ಒಪ್ಪಲಿಲ್ಲ. ಸಾಕ್ಷ್ಯವನ್ನೆಲ್ಲ ನೋಡಿ, ಪೊಲೀಸರು ನಿರ್ಲಕ್ಷ್ಯ ತೋರಿದ್ದಾರೆ, ತಮ್ಮದೇ ನಿಯಮಾವಳಿಯನ್ನು ಪಾಲಿಸಿಲ್ಲ ಎಂದು ಅನುಮಾನಕ್ಕೆ ಎಡೆಯಿಲ್ಲದಂತೆ ಬರೆದರು.

ಮೊದಲ ಸಲ ಈ ತೀರ್ಪು ಓದಿದಾಗ ಇಲ್ಲಿಗೆ ಬರುವಷ್ಟರಲ್ಲಿ ವ್ಯಾಪಾರಿ ಗೆದ್ದರು ಅಂದುಕೊಂಡಿದ್ದೆ. ಮುಂದಿನ ಪುಟಗಳಲ್ಲಿ ಅವರು ಸೋತರು. ಬಂಧಿಸುವುದು, ಶೋಧಿಸುವುದು, ಜಪ್ತಿ ಮಾಡುವುದು ಇವೆಲ್ಲ ಕಾಯ್ದೆಯಿಂದ ಬಂದ ಅಧಿಕಾರಗಳು, ಸಾರ್ವಭೌಮ ಅಧಿಕಾರಗಳು, ಅಂದರೆ ಆಳುವ ಪ್ರಭುತ್ವಕ್ಕಷ್ಟೇ ಇರುವ ಅಧಿಕಾರಗಳು. ಅವುಗಳ ಚಲಾವಣೆಯಲ್ಲಿ ನೌಕರ ತಪ್ಪು ಮಾಡಿದರೆ ಅದರ ಪರಹೊಣೆ ಸರ್ಕಾರದ ಮೇಲೆ ಬರುವುದಿಲ್ಲ. ತೀರ್ಪಿನ ತಿರುಳು ಇದು. ರೈಲಿನಿಂದ ಇಳಿದ ಹದಿನೇಳು ವರ್ಷಗಳ ಮೇಲೆ ಸಿಕ್ಕ ಉತ್ತರ.

ಡಾಕ್‌ಯಾರ್ಡಿನ ಕುದುರೆ

ಈ ಉತ್ತರ ಎಲ್ಲಿಂದ ಬಂತು ಎಂಬುದು ಪ್ರಕರಣದ ಅತಿ ಮುಖ್ಯ ಭಾಗ.

ನಮ್ಮ ಸಂವಿಧಾನದ 300ನೇ ವಿಧಿ ಸರ್ಕಾರದ ಮೇಲೆ ದಾವೆ ಹೂಡಬಹುದು ಎನ್ನುತ್ತದೆ. ಎಷ್ಟರ ಮಟ್ಟಿಗೆ? ಸಂವಿಧಾನ ಬರದೇ ಇದ್ದಿದ್ದರೆ ಹಿಂದಿನ ಪ್ರಾಂತ್ಯಗಳ ಮೇಲೆ ಎಷ್ಟರ ಮಟ್ಟಿಗೆ ಹೂಡಬಹುದಿತ್ತೋ ಅಷ್ಟು. ಅದನ್ನು ತಿಳಿಯಲು 1935ರ ಭಾರತ ಸರ್ಕಾರ ಕಾಯ್ದೆಯ 176ನೇ ಕಲಮು ನೋಡಬೇಕು. ಅದು 1915ರ ಕಾಯ್ದೆಯ 32ನೇ ಕಲಮಿಗೆ ಕಳಿಸುತ್ತದೆ. ಅದು 1858ರ ಕಾಯ್ದೆಯ 65ನೇ ಕಲಮಿಗೆ. ಆ ಕಲಮು ಈಸ್ಟ್ ಇಂಡಿಯಾ ಕಂಪನಿಯ ಬಾಗಿಲಿಗೆ ತಂದು ನಿಲ್ಲಿಸುತ್ತದೆ. ಗಣರಾಜ್ಯದ ಪ್ರಜೆಗೆ ಪರಿಹಾರ ಸಿಗುತ್ತದೋ ಇಲ್ಲವೋ ಎಂದು ತೀರ್ಮಾನಿಸಲು, ಸತ್ತುಹೋದ ವ್ಯಾಪಾರಿ ಕಂಪನಿಯ ಮೇಲೆ ಏನೇನು ದಾವೆ ನಡೆಯುತ್ತಿತ್ತು ಎಂದು ಹುಡುಕಬೇಕಾಯಿತು.

ಹುಡುಕಿದರೆ ಸಿಕ್ಕದ್ದು ಕಲ್ಕತ್ತದ ಕಿಡ್ಡರ್‌ಪೋರ್ ಡಾಕ್‌ಯಾರ್ಡಿನ ಒಂದು ಅಪಘಾತ. ಪೆನಿನ್ಸುಲರ್ ಅಂಡ್ ಓರಿಯಂಟಲ್ ಹಡಗು ಕಂಪನಿಯ ಕುದುರೆಗಾಡಿ ಸರ್ಕಾರಿ ಡಾಕ್‌ಯಾರ್ಡಿನೊಳಗೆ ಹೋಗುತ್ತಿತ್ತು. ಸರ್ಕಾರದ ಕೂಲಿಯಾಳುಗಳು ಹಡಗಿನ ರಿಪೇರಿಗೆ ಬೇಕಾದ ಭಾರಿ ಕಬ್ಬಿಣದ ತುಂಡೊಂದನ್ನು ದಾರಿಯ ನಡುವೆ ಹೊತ್ತೊಯ್ಯುತ್ತಿದ್ದರು. ಗಾಡಿಯವನು ಕೂಗಿದ. ಗಾಬರಿಬಿದ್ದ ಆಳುಗಳಲ್ಲಿ ಮುಂದಿನವರು ಒಂದು ಕಡೆಗೆ, ಹಿಂದಿನವರು ಇನ್ನೊಂದು ಕಡೆಗೆ ಸರಿಯಲು ನೋಡಿ, ಕಬ್ಬಿಣವನ್ನು ಎತ್ತಿಹಾಕಿದರು. ಆ ಸದ್ದಿಗೆ ಕುದುರೆಗಳು ಬೆದರಿ ನುಗ್ಗಿದವು, ಒಂದಕ್ಕೆ ಗಾಯವಾಯಿತು. ಕೇಳಿದ ಪರಿಹಾರ 350 ರೂಪಾಯಿ.

1861ರಲ್ಲಿ ಮುಖ್ಯ ನ್ಯಾಯಮೂರ್ತಿ ಸರ್ ಬಾರ್ನ್ಸ್ ಪೀಕಾಕ್ ಸರ್ಕಾರವೇ ಹೊಣೆ ಎಂದರು. ಡಾಕ್‌ಯಾರ್ಡ್ ನಡೆಸುವುದು ಯಾವ ಖಾಸಗಿಯವನೂ ಮಾಡಬಲ್ಲ ಕೆಲಸ. ಖಾಸಗಿಯವನು ಹೊಣೆಯಾದರೆ ಸರ್ಕಾರವೂ ಹೊಣೆ. ಹಾಗೆ ಹೇಳುವಾಗ, ಸಾರ್ವಭೌಮನೊಬ್ಬನೇ ಚಲಾಯಿಸಬಲ್ಲ ಅಧಿಕಾರದ ಮಾತು ಬೇರೆ, ಅಲ್ಲಿ ದಾವೆ ನಡೆಯದು ಎಂದೂ ಸೇರಿಸಿದರು. ಅವರ ಮುಂದಿದ್ದ ಕುದುರೆಗೆ ಆ ಮಾತಿನ ಅಗತ್ಯವೇ ಇರಲಿಲ್ಲ. ಪರಿಹಾರ ಕೊಡಿಸಿದ ತೀರ್ಪಿನ ಬದಿಯಲ್ಲಿ ಬಂದ ಒಂದು ಮಾತು, ನೂರು ವರ್ಷಗಳ ನಂತರ ಪರಿಹಾರ ತಪ್ಪಿಸುವ ಕಾನೂನಾಗಿ ಕುಳಿತುಕೊಂಡಿತು.

ಬೇರೆ ದಾರಿ ಇರಲಿಲ್ಲವೇ? ಇತ್ತು. 1882ರಲ್ಲಿ ಮದ್ರಾಸ್ ಹೈಕೋರ್ಟಿನ ಮುಂದೆ ಉಪ್ಪಿನ ಸುಂಕದ ದಾವೆಯೊಂದು ಬಂದಿತ್ತು. ಬೊಂಬಾಯಿಯಿಂದ ಮಲಬಾರ್ ಕರಾವಳಿಗೆ ಉಪ್ಪು ಸಾಗುತ್ತಿರುವಾಗಲೇ ಸುಂಕ ಏರಿಸಿ ವಸೂಲಿ ಮಾಡಿದ್ದರು. ಆ ಕೋರ್ಟು, ಪರರಾಜ್ಯಗಳೊಡನೆ ನಡೆಯುವ ಯುದ್ಧ, ಒಪ್ಪಂದದಂಥ ರಾಜಕಾರ್ಯಗಳಿಗೆ ಮಾತ್ರ ವಿನಾಯಿತಿ, ನೆಲದ ಕಾಯ್ದೆಯ ಹೆಸರಿನಲ್ಲಿ ಸರ್ಕಾರ ಮಾಡಿದ ಕೆಲಸವನ್ನು ಕೋರ್ಟು ಪ್ರಶ್ನಿಸಬಹುದು ಎಂದಿತು. ಮಂಗಳೂರು, ಬಳ್ಳಾರಿಯ ಕೋರ್ಟುಗಳೂ ಆಗ ಮದ್ರಾಸ್ ಹೈಕೋರ್ಟಿನ ಕೈಕೆಳಗೇ ಇದ್ದವು. ನಮ್ಮ ನಾಡಿನ ಒಂದು ಭಾಗಕ್ಕೆ ಇದೇ ಕಾನೂನಾಗಿತ್ತು. 1956ರಲ್ಲಿ ಎಂ. ಸಿ. ಸೆಟಲ್ವಾಡ್ ಅಧ್ಯಕ್ಷತೆಯ ಕಾನೂನು ಆಯೋಗ ತನ್ನ ಮೊಟ್ಟಮೊದಲ ವರದಿಯನ್ನೇ ಈ ವಿಷಯಕ್ಕೆ ಮೀಸಲಿಟ್ಟು, ಸರ್ಕಾರದ ಹೊಣೆಯನ್ನು ಕಾಯ್ದೆಯಿಂದ ನಿಗದಿ ಮಾಡಿ ಎಂದಿತ್ತು. ಇಂಗ್ಲೆಂಡಿನಲ್ಲಂತೂ 'ರಾಜ ತಪ್ಪು ಮಾಡಲಾರ' ಎಂಬ ಹಳೆಯ ಸೂತ್ರವನ್ನು ಕೈಬಿಟ್ಟ ಕಾಯ್ದೆಗೆ ಅಂಕಿತ ಬಿದ್ದದ್ದು 1947ರ ಜುಲೈ 31ರಂದು. ಮೀರತ್‌ನ ಆ ರಾತ್ರಿಗೆ ಎರಡು ತಿಂಗಳೂ ಇರಲಿಲ್ಲ.

ಇನ್ನೂ ಹತ್ತಿರದ ದಾರಿಯೊಂದಿತ್ತು. 1952ರ ಫೆಬ್ರುವರಿಯಲ್ಲಿ ಉದಯಪುರದ ಕಲೆಕ್ಟರರ ಜೀಪನ್ನು ರಿಪೇರಿ ಮುಗಿಸಿ ವರ್ಕ್‌ಶಾಪಿನಿಂದ ತರುತ್ತಿದ್ದ ಸರ್ಕಾರಿ ಚಾಲಕ, ಫುಟ್‌ಪಾತಿನ ಮೇಲೆ ನಡೆದು ಹೋಗುತ್ತಿದ್ದವರೊಬ್ಬರಿಗೆ ಡಿಕ್ಕಿ ಹೊಡೆಸಿದ. ಮೂರು ದಿನದಲ್ಲಿ ಅವರು ತೀರಿಕೊಂಡರು. ಹೆಂಡತಿ, ಮೂರು ವರ್ಷದ ಮಗಳು ಹೂಡಿದ ದಾವೆಯಲ್ಲಿ 15,000 ರೂಪಾಯಿ ಪರಿಹಾರವನ್ನು ಸುಪ್ರೀಂ ಕೋರ್ಟು 1962ರಲ್ಲಿ ಎತ್ತಿಹಿಡಿಯಿತು. ವಿದ್ಯಾವತಿ ಪ್ರಕರಣವೆಂದು ಹೆಸರಾದ ಆ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ಬಿ. ಪಿ. ಸಿನ್ಹಾ, ಗಣರಾಜ್ಯ ಸ್ಥಾಪನೆಯಾದ ಮೇಲೆ ಬೇರೆ ಯಾವ ಧಣಿಗೂ ಇಲ್ಲದ ವಿನಾಯಿತಿ ಸರ್ಕಾರಕ್ಕೆ ಏಕೆ ಇರಬೇಕು ಎಂಬ ನೇರವಾದ ನಿಲುವು ತಳೆದರು. ಎರಡೇ ವರ್ಷಗಳ ನಂತರ ಕಸ್ತೂರಿಲಾಲ್ ಪೀಠ ಅದನ್ನು ಬದಿಗೆ ಸರಿಸಿತು: ಜೀಪು ರಿಪೇರಿ ಸಾರ್ವಭೌಮ ಕೆಲಸವಲ್ಲ, ಬಂಧನ ಮತ್ತು ಜಪ್ತಿ ಸಾರ್ವಭೌಮ ಕೆಲಸ ಎಂಬ ಗೆರೆ ಎಳೆದು.

ಆ ಗೆರೆ ನಿಲ್ಲುವುದಿಲ್ಲ

ಈ ತೀರ್ಪಿಗೆ ಮುಂಚೆಯೂ ಆಮೇಲೂ ಹೈಕೋರ್ಟುಗಳಲ್ಲಿ ಈ ಬಗೆಯ ಗೆರೆ ಏನೆಲ್ಲ ಮಾಡಿತೆಂದು ನೋಡಿ. ಸೇನೆಯ ಟ್ರಕ್ಕು ಕರ್ತವ್ಯದಲ್ಲಿದ್ದ ಸೈನಿಕರಿಗೆ ಊಟ ಒಯ್ಯುತ್ತಿತ್ತು. ಅಪಘಾತವಾದಾಗ ಅದು ಸಾರ್ವಭೌಮ ಕಾರ್ಯ, ಪರಿಹಾರವಿಲ್ಲ. ಸೇನೆಯ ಇನ್ನೊಂದು ಟ್ರಕ್ಕು ಶಿಮ್ಲಾದ ಕಚೇರಿಗೆ ಕಲ್ಲಿದ್ದಲು ಒಯ್ಯುತ್ತಿತ್ತು. ಅದು ಸಾರ್ವಭೌಮ ಕಾರ್ಯವಲ್ಲ, ಪರಿಹಾರ ಉಂಟು. ವಾಯುಪಡೆಯ ವಾಹನ ಹಾಕಿ ತಂಡವನ್ನು ಕರೆದೊಯ್ದಿತ್ತು, ಪರಿಹಾರ ಉಂಟು. ಚಕ್ರದಡಿ ಸಿಕ್ಕವನ ಮನೆಯವರಿಗೆ ಗಾಡಿಯೊಳಗೆ ಇದ್ದದ್ದು ಅನ್ನವೋ, ಇದ್ದಿಲೋ, ಹಾಕಿ ಕೋಲೋ ಎಂಬುದರಿಂದ ಏನು ವ್ಯತ್ಯಾಸ?

ನೌಕರನ ತಪ್ಪಿಗೆ ಧಣಿ ಹೊಣೆ ಎಂಬ ನಿಯಮ ಇರುವುದೇ, ತಪ್ಪು ಮಾಡಿದ ಆಳಿನ ಕೈಯಲ್ಲಿ ಕಾಸಿರುವುದಿಲ್ಲ, ಕೆಲಸ ಮಾಡಿಸಿದ ಧಣಿಯ ಕೈಯಲ್ಲಿ ಇರುತ್ತದೆ ಎಂಬ ಕಾರಣಕ್ಕೆ. ಆಳನ್ನು ಆರಿಸಿದವನು, ನಿಯಮ ಮಾಡಿದವನು, ಮೇಲ್ವಿಚಾರಣೆ ಮಾಡಬೇಕಾದವನು ಧಣಿ. ಮೀರತ್‌ನಲ್ಲಿ ಆಳು ದೇಶವನ್ನೇ ಬಿಟ್ಟಿದ್ದ. ವ್ಯಾಪಾರಿಯ ಎದುರಿಗೆ ಉಳಿದಿದ್ದು ಸರ್ಕಾರವೊಂದೇ. ಕೆಎಸ್‌ಆರ್‌ಟಿಸಿ ಬಸ್ಸಿನ ಅಪಘಾತದಲ್ಲಿ ಗಾಯಗೊಂಡವರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋದಾಗ ಚಾಲಕನ ಜೇಬನ್ನು ಯಾರೂ ನೋಡುವುದಿಲ್ಲ, ನಿಗಮ ಕಟ್ಟುತ್ತದೆ. ಅದೇ ನ್ಯಾಯ ಠಾಣೆಯ ಬಾಗಿಲಲ್ಲಿ ಏಕೆ ನಿಂತುಹೋಗಬೇಕು?

ನನಗೆ ಹೆಚ್ಚು ಚುಚ್ಚುವುದು ಇನ್ನೊಂದು. ಒಬ್ಬರ ವಸ್ತುವನ್ನು ಕಿತ್ತುಕೊಳ್ಳುವುದು ಸಾರ್ವಭೌಮ ಅಧಿಕಾರವೇ ಇರಲಿ. ಕಿತ್ತುಕೊಂಡ ಮೇಲೆ ಅದನ್ನು ಜೋಪಾನವಾಗಿ ಇಡುವುದು ಅಧಿಕಾರವಲ್ಲ, ಕರ್ತವ್ಯ. ನೆರೆಮನೆಯವರು ಊರಿಗೆ ಹೋಗುವಾಗ ಕೊಟ್ಟ ಒಡವೆಯನ್ನು ನಾವು ಹೇಗೆ ಕಾಯಬೇಕೋ ಹಾಗೆ. 1872ರ ಕರಾರು ಕಾಯ್ದೆಯಲ್ಲಿ ನ್ಯಾಸದ ಸ್ವತ್ತಿನ, ಅಂದರೆ ಕಾದಿಟ್ಟು ಹಿಂತಿರುಗಿಸಲೆಂದು ಒಪ್ಪಿಸಿದ ವಸ್ತುವಿನ, ಬಗ್ಗೆ ಇರುವುದು ಇದೇ ತತ್ವ. ತಾನಾಗಿ ನಂಬಿ ಕೊಟ್ಟ ವಸ್ತುವಿಗೇ ಅಷ್ಟು ಎಚ್ಚರ ಬೇಕಾದರೆ, ಬೇಡವೆನ್ನಲು ಆಗದವನಿಂದ ಬಲವಂತವಾಗಿ ಪಡೆದದ್ದಕ್ಕೆ ಇನ್ನೂ ಹೆಚ್ಚು ಬೇಕಲ್ಲವೇ? ಕಸ್ತೂರಿಲಾಲ್ ತೀರ್ಪು ಕಿತ್ತುಕೊಂಡ ಗಳಿಗೆಯನ್ನೂ ಇಟ್ಟುಕೊಂಡ 27 ದಿನಗಳನ್ನೂ ಒಂದೇ ಗಂಟಿನಲ್ಲಿ ಕಟ್ಟಿತು. ಎಡವಿದ್ದು ಅಲ್ಲಿ.

ತಮಾಷೆಯೆನಿಸದ ಸಂಗತಿಯೆಂದರೆ, ಗಜೇಂದ್ರಗಡ್ಕರ್ ಅವರಿಗೂ ಇದು ಸರಿಯೆನಿಸಿರಲಿಲ್ಲ. ಕಾನೂನಿನ ಹೆಸರಿನಲ್ಲಿ ಸ್ವತ್ತು ಕಳೆದುಕೊಂಡ ಪ್ರಜೆಗೆ, ನಿನಗೆ ಸರ್ಕಾರದ ಮೇಲೆ ಹಕ್ಕಿಲ್ಲ ಎನ್ನಬೇಕಾಗಿರುವುದು ಸಮಾಧಾನ ಕೊಡುವ ಸ್ಥಿತಿಯಲ್ಲ, ಇದಕ್ಕೆ ಮದ್ದು ಶಾಸಕಾಂಗದ ಕೈಯಲ್ಲಿದೆ ಎಂದು ಅವರೇ ಬರೆದರು. 1965ರಲ್ಲಿ ಒಂದು ಮಸೂದೆ ಬಂತು, 1967ರಲ್ಲಿ ಇನ್ನೊಂದು. ಎರಡೂ ಕಾಯ್ದೆಯಾಗಲಿಲ್ಲ.

ಆಮೇಲೆ ಕೋರ್ಟುಗಳು ಮಾಡಿದ್ದು

ಶಾಸಕಾಂಗ ಸುಮ್ಮನಿದ್ದಾಗ ಕೋರ್ಟುಗಳೇ ಕಸ್ತೂರಿಲಾಲ್ ಸುತ್ತ ಬಳಸು ದಾರಿ ಹುಡುಕಿಕೊಂಡವು. ಮೂರೇ ವರ್ಷದಲ್ಲಿ, 1967ರಲ್ಲಿ, ಗುಜರಾತಿನ ಪ್ರಕರಣವೊಂದು ಸುಪ್ರೀಂ ಕೋರ್ಟಿಗೆ ಬಂತು. ಹಿಂದಿನ ಜುನಾಗಢ ಸಂಸ್ಥಾನದ ಕಸ್ಟಮ್ಸ್‌ನವರು ಹಿಡಿದಿಟ್ಟಿದ್ದ ಎರಡು ಟ್ರಕ್ಕು, ಒಂದು ಸ್ಟೇಷನ್ ವ್ಯಾಗನ್ ದಿಕ್ಕಿಲ್ಲದೆ ಬಿದ್ದಿದ್ದು, ಕೊನೆಗೆ ವಾರಸುದಾರರಿಲ್ಲದ ಮಾಲೆಂದು ಮಾರಾಟವಾಗಿದ್ದವು. ಜಪ್ತಿ ಮಾಡಿದ ಸರ್ಕಾರ ನ್ಯಾಸಧಾರಿಯಂತೆ ವಸ್ತುವನ್ನು ಕಾಯಬೇಕು, ಹಿಂತಿರುಗಿಸಬೇಕು, ಇಲ್ಲವೇ ಬೆಲೆ ಕೊಡಬೇಕು ಎಂದು ಕೋರ್ಟು ಹೇಳಿತು. ನಾನು ಮೇಲೆ ಹೇಳಿದ ಭೇದವನ್ನು ಇಲ್ಲಿ ಗುರುತಿಸಿದ್ದರು.

ಮುಂದಿನ ಹೆಜ್ಜೆ ನಮ್ಮ ರಾಜ್ಯದಿಂದ ಬಂತು. ಮೈಸೂರು ರಾಜ್ಯವೆಂಬ ಹೆಸರಿದ್ದಾಗಿನ ಪ್ರಕರಣ, ತೀರ್ಪು 1977ರದು. ವಕೀಲರ ಬಾಯಲ್ಲಿ ಬಸವ್ವ ಪ್ರಕರಣ. ಮಹಿಳೆಯೊಬ್ಬರ ಮನೆಯಲ್ಲಿ ಒಡವೆ ಕಳವಾಗಿತ್ತು. ಪೊಲೀಸರು ಪತ್ತೆ ಹಚ್ಚಿ ವಶಪಡಿಸಿಕೊಂಡರು. ಅದೇ ಒಂದು ಸಂತೋಷ. ಠಾಣೆಯ ಟ್ರಂಕಿನಲ್ಲಿ ಇಟ್ಟಿದ್ದ ಆ ಒಡವೆ ಆಮೇಲೆ ಅಲ್ಲಿಂದಲೇ ಕಾಣೆಯಾಯಿತು. ಒಂದೇ ಚಿನ್ನವನ್ನು ಅವರು ಎರಡು ಸಲ ಕಳೆದುಕೊಂಡರು: ಒಮ್ಮೆ ಕಳ್ಳನಿಗೆ, ಒಮ್ಮೆ ಠಾಣೆಗೆ. ಸುಪ್ರೀಂ ಕೋರ್ಟು ಸಾರ್ವಭೌಮ ಅಧಿಕಾರದ ಜಗಳಕ್ಕೆ ಹೋಗದೆ ದಂಡ ಪ್ರಕ್ರಿಯಾ ಸಂಹಿತೆಯನ್ನು ಕೈಗೆತ್ತಿಕೊಂಡಿತು. ವಶಪಡಿಸಿಕೊಂಡ ಸ್ವತ್ತು ಕಳೆದುಹೋಗಿ, ಅದನ್ನು ಕಾಯಲು ತಕ್ಕ ಎಚ್ಚರ ವಹಿಸಿದ್ದೆವೆಂದು ಸರ್ಕಾರ ತೋರಿಸಲಾಗದಿದ್ದರೆ, ನ್ಯಾಯಕ್ಕೆ ಅಗತ್ಯವೆನಿಸಿದಲ್ಲಿ ಅದರ ಬೆಲೆ ಕೊಡಿಸುವ ಆದೇಶವನ್ನು ಮ್ಯಾಜಿಸ್ಟ್ರೇಟರೇ ಮಾಡಬಹುದು. ಸಿವಿಲ್ ದಾವೆಯ ಉದ್ದದ ದಾರಿಯೂ ಬೇಡವಾಯಿತು. ಮೀರತ್‌ನಲ್ಲಿ ಚಿನ್ನ ಕಳೆದುಕೊಂಡ ವ್ಯಾಪಾರಿಗೆ ಸಿಗದ ಬಾಗಿಲನ್ನು ಕನ್ನಡನಾಡಿನ ಹೆಣ್ಣುಮಗಳೊಬ್ಬರು ತೆರೆಸಿದರು ಎಂದು ಹೇಳುವಾಗ ನನಗೆ ಹೆಮ್ಮೆಯಾಗುತ್ತದೆ.

ಇನ್ನೊಂದು ಕಡೆಯಿಂದ ಮೂಲಭೂತ ಹಕ್ಕುಗಳ ದಾರಿ ತೆರೆಯಿತು. ಒಡಿಶಾದ ಪೊಲೀಸ್ ಕಸ್ಟಡಿ ಸಾವಿನ ಪ್ರಕರಣದಲ್ಲಿ 1993ರಲ್ಲಿ ಒಂದೂವರೆ ಲಕ್ಷ ರೂಪಾಯಿ ಪರಿಹಾರ ಕೊಡಿಸಿದ ಸುಪ್ರೀಂ ಕೋರ್ಟು, ಜೀವಿಸುವ ಹಕ್ಕು ಮುರಿದಲ್ಲಿ ಸಾರ್ವಭೌಮ ವಿನಾಯಿತಿಯ ವಾದ ನಡೆಯದು ಎಂದಿತು. 1994ರಲ್ಲಿ ಆಂಧ್ರದ ರಸಗೊಬ್ಬರ ಪ್ರಕರಣ. ಜಪ್ತಿ ಮಾಡಿದ ಗೊಬ್ಬರವನ್ನು ಅಧಿಕಾರಿಗಳು ಕೆಡಲು ಬಿಟ್ಟಿದ್ದರು. ಬಿಡುಗಡೆಯ ಆದೇಶ ಬಂದಾಗ ಮಾಲು ಕೆಲಸಕ್ಕೆ ಬಾರದಂತಾಗಿತ್ತು. ಹೈಕೋರ್ಟು ಕಸ್ತೂರಿಲಾಲ್ ಹೆಸರೆತ್ತಿ ದಾವೆ ವಜಾ ಮಾಡಿದ್ದರೆ, ನ್ಯಾಯಮೂರ್ತಿ ಆರ್. ಎಂ. ಸಹಾಯ್ ಅವರಿದ್ದ ಪೀಠ ಅದನ್ನು ತಿರುವಿ ಹಾಕಿತು. ಜನರ ಸರ್ಕಾರಕ್ಕೆ ರಾಜನ ಕವಚ ಒಪ್ಪುವುದಿಲ್ಲ ಎಂಬರ್ಥದ ಖಾರವಾದ ಮಾತುಗಳು ಆ ತೀರ್ಪಿನಲ್ಲಿವೆ. 1996ರಲ್ಲಿ ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯ ಪ್ರಕರಣ: 1963ರಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಯ ವೇಳೆ ಹೊಟ್ಟೆಯೊಳಗೇ ಬಟ್ಟೆ ಬಿಟ್ಟು ಹೊಲಿದು, ಮಹಿಳೆ ತೀರಿಕೊಂಡಿದ್ದರು. ಅಲ್ಲಿಯೂ ವೈದ್ಯರ ನಿರ್ಲಕ್ಷ್ಯಕ್ಕೆ ರಾಜ್ಯವೇ ಹೊಣೆ ಎಂದಾಯಿತು.

ಇಷ್ಟೆಲ್ಲ ಆದರೂ ಐವರು ನ್ಯಾಯಮೂರ್ತಿಗಳ ಕಸ್ತೂರಿಲಾಲ್ ತೀರ್ಪನ್ನು ಅದಕ್ಕಿಂತ ದೊಡ್ಡ ಪೀಠ ನೇರವಾಗಿ ತೊಡೆದುಹಾಕಿಲ್ಲ. ಚಿಕ್ಕ ಪೀಠಗಳು ಅದನ್ನು ಸವೆಸಿವೆ, ಸುತ್ತಿ ಹೋಗಿವೆ, ಅದರ ಕಾಲ ಮುಗಿಯಿತು ಎಂದಿವೆ. ಹಾಗಾಗಿ ಸರ್ಕಾರದ ಪ್ರತಿವಾದ ಪತ್ರದಲ್ಲಿ 'ಇದು ಸಾರ್ವಭೌಮ ಕಾರ್ಯ' ಎಂಬ ಸಾಲು ಇನ್ನೂ ಬರೆಸಿಕೊಳ್ಳುತ್ತದೆ. ಆ ಸಾಲಿಗೆ ಉತ್ತರ ಕೊಡಲು ಬಡ ಕಕ್ಷಿದಾರ ಮೇಲಿನ ಕೋರ್ಟಿನವರೆಗೆ ಹತ್ತಬೇಕಾಗಬಹುದು.

ಇಂದು ಅದೇ ರಾತ್ರಿ ಬಂದರೆ

ಅದೇ ವ್ಯಾಪಾರಿ ಇಂದು ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ರೈಲಿನಿಂದ ಇಳಿದು, ಅದೇ ರೀತಿ ಮಾಲು ಜಪ್ತಿಯಾಯಿತು ಎಂದುಕೊಳ್ಳಿ. ಪಂಚನಾಮೆಯಾಗಬೇಕು, ತೂಕ ಅದರಲ್ಲಿ ಬರಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 497ನೇ ಕಲಮಿನ ಪ್ರಕಾರ ಸ್ವತ್ತು ಮುಂದೆ ಬಂದ 14 ದಿನದೊಳಗೆ ಮ್ಯಾಜಿಸ್ಟ್ರೇಟರು ಅದರ ವಿವರಪಟ್ಟಿ ಮಾಡಬೇಕು, ಫೋಟೊ, ಅಗತ್ಯವಿದ್ದರೆ ವಿಡಿಯೊ ತೆಗೆಸಬೇಕು, ಅದಾದ 30 ದಿನದೊಳಗೆ ವಿಲೇವಾರಿಗೆ ಆದೇಶ ಮಾಡಬೇಕು. ಇದರ ಹಿಂದೆ 2002ರ ಸುಪ್ರೀಂ ಕೋರ್ಟ್ ತೀರ್ಪೊಂದಿದೆ; ಮುದ್ದೆಮಾಲನ್ನು (ಪ್ರಕರಣದಲ್ಲಿ ವಶಪಡಿಸಿಕೊಂಡ ವಸ್ತುಗಳನ್ನು) ಠಾಣೆಯಲ್ಲಿ ಕೊಳೆಹಾಕದೆ ಫೋಟೊ, ಪಂಚನಾಮೆ ಇಟ್ಟುಕೊಂಡು ಬಾಂಡ್ ಪಡೆದು ಬೇಗ ಮಾಲೀಕರಿಗೆ ಒಪ್ಪಿಸಿ ಎಂದು ಹೇಳಿದ ಆ ತೀರ್ಪು ಆಧಾರವಾಗಿ ಹಿಡಿದದ್ದು ಬಸವ್ವ ಪ್ರಕರಣವನ್ನೇ.

ಮಾಲು ಕಳೆದೇ ಹೋಯಿತು ಎಂದರೆ ಮೊದಲು ಹೋಗಬೇಕಾದದ್ದು ಆ ಮ್ಯಾಜಿಸ್ಟ್ರೇಟರ ಬಳಿಗೇ, ಬೆಲೆ ಕೊಡಿಸಿ ಎಂಬ ಅರ್ಜಿಯೊಂದಿಗೆ. ಸಿವಿಲ್ ದಾವೆ ಅನಿವಾರ್ಯವಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನ ನೋಟಿಸ್ ಕೊಟ್ಟು ಎರಡು ತಿಂಗಳು ಕಾಯಬೇಕು. ದಾವಾಪತ್ರದಲ್ಲಿ ನೌಕರನ ನಿರ್ಲಕ್ಷ್ಯದ ಜೊತೆಗೆ ಸರ್ಕಾರ ನ್ಯಾಸಧಾರಿಯಾಗಿ ಸೋತದ್ದನ್ನೂ ಬೇರೆಯಾಗಿ, ಎದ್ದು ಕಾಣುವಂತೆ ಹೇಳಿಕೊಳ್ಳಬೇಕು. ಅಮೃತಸರದ ಸಂಸ್ಥೆಯ ದಾವೆ ಬಂಧನ, ಜಪ್ತಿಯ ಅಧಿಕಾರದ ಪ್ರಶ್ನೆಯಲ್ಲಿ ಮುಳುಗಿಹೋಯಿತು. ಜುನಾಗಢದ ವಾಹನಗಳ ಮಾಲೀಕರ ದಾವೆ ತೇಲಿದ್ದು ಈ ಎರಡನೆಯ ಕಾರಣದಿಂದ.

300ನೇ ವಿಧಿಯಲ್ಲಿ, ಸಂಸತ್ತು ಅಥವಾ ರಾಜ್ಯ ಶಾಸಕಾಂಗ ಕಾಯ್ದೆ ಮಾಡುವವರೆಗೆ ಈ ಹಳೆಯ ಏರ್ಪಾಡು ನಡೆಯಲಿ ಎಂಬ ಮಾತಿದೆ. ನಮ್ಮ ವಿಧಾನಸೌಧಕ್ಕೂ ಅದು ಕೊಟ್ಟ ಅಧಿಕಾರ. 1950ರಿಂದ ಅದು ಹಾಗೆಯೇ ಇದೆ.